ಐವತ್ತರಲ್ಲಿ ಮೂವತ್ತೇಳು

ಹಲ್ ಪಟ್ಟಣಕ್ಕೆ ಮಂಜು ನದಿಯ ಕಡೆಯಿಂದ ಬರುತ್ತದೆ,
ಮೀನಿನ ವಾಸನೆ ಮಾತ್ರ ಈಗ ಬರುವುದಿಲ್ಲ,
ಎನ್ನುತ್ತಲೇ ಒಳಗೆ ಬಂದಳು ಈನಿಡ್ ಥ್ಯಾಕ್ರೆ.
ಕಂಕುಳಲ್ಲಿ ಕಂಬಳಿ ಸುತ್ತಿದ ಒಂದು ಚೌಕ.
"ಫೋಟೋ ಮಾರಬೇಕು" ಎಂದಳು,
ಹಲ್ಲು ಕೀಳಿಸಬೇಕು ಎಂಬ ದನಿಯಲ್ಲಿ.

ನನ್ನದು ಚೌಕಟ್ಟಿನ ಅಂಗಡಿ.
ಹಳೆಯ ಪೋಸ್ಟರು, ತಂತಿ ಹರಿದ ಗಿಟಾರು,
ಸಹಿ ಬಿದ್ದ ಮೇಲೆ ತಿರುಗುವುದನ್ನೇ ಬಿಟ್ಟ ರೆಕಾರ್ಡು.
ಕೊಳ್ಳುವುದೂ ಉಂಟು, ಕೊಡುವುದೂ ಉಂಟು.
ಬಿಳಿ ಕೈಗವಸು ತೊಟ್ಟು ಗಂಟು ಬಿಚ್ಚಿದೆ.

ಟಿನ್ ಹೆರಾಲ್ಡ್ಸ್!
ನಾಲ್ವರೂ ಇದ್ದಾರೆ. ವೇದಿಕೆಯ ಮೇಲಲ್ಲ,
ಸಭಾಂಗಣದ ಹಿಂದಿನ ಓಣಿಯಲ್ಲಿ,
ಬೋರಲು ಹಾಕಿದ ಮೀನಿನ ಪೆಟ್ಟಿಗೆಗಳ ಮೇಲೆ ಕೂತು
ಚಿಪ್ಸ್ ತಿನ್ನುತ್ತಿದ್ದಾರೆ.
ಇನ್ನೊಂದು ಗಂಟೆಗೆ ಊರನ್ನೇ ಕುಣಿಸಬೇಕಾದ ಬೆರಳುಗಳಿಗೆ
ಎಣ್ಣೆ ಹತ್ತಿದೆ.
ಡ್ರಮ್ಮಿನವನು ಕಣ್ಣು ಮುಚ್ಚಿ ನಗುತ್ತಿದ್ದಾನೆ.
ಮರುವರ್ಷವೇ ಸತ್ತನಲ್ಲ,
ಈ ನಗೆಗೆ ಇನ್ನೂರು ಪೌಂಡು ಏರಿತು.
ಲೆಕ್ಕ ಕಸುಬಿನದು. ಬಾಯಲ್ಲಿ ಆಡುವುದಿಲ್ಲ.

ಕೆಳಗೆ ಪೆನ್ಸಿಲ್ಲಿನಲ್ಲಿ ಛಾಯಾಗ್ರಾಹಕನ ಸಹಿ, ೩೭/೫೦.
ಐವತ್ತು ಪ್ರತಿ ತೆಗೆದು
ನೆಗೆಟಿವಿಗೆ ತೂತು ಕೊರೆದನಂತೆ,
ಐವತ್ತೊಂದನೆಯದು ಹುಟ್ಟದ ಹಾಗೆ.

ಭೂತಗನ್ನಡಿ ಹಿಡಿದು ಮೂಲೆಗಳನ್ನು ತಡವಿದೆ.
ಬಿಸಿಲು ಮುಟ್ಟಿಲ್ಲ. ಗೆದ್ದಲೂ ಇಲ್ಲ, ಗೆರೆಯೂ ಇಲ್ಲ.
ತಿರುಗಿಸಿದರೆ ಬೆನ್ನ ಮೇಲೆ ನೀಲಿ ಶಾಯಿ:
"ಈನಿಡ್, ಹನ್ನೊಂದು ಪ್ಲೇಟಿನ ಬಾಕಿ
ಇದರಲ್ಲಿ ತೀರಿತು ಅಂದುಕೋ."

"ತಿಂದವರು ಇವರು, ನಾಳೆ ಕೊಡುತ್ತೇನೆ ಅಂದವನು ಅವನು,
ಸಂಬಳದಲ್ಲಿ ಮುರಿದುಕೊಂಡದ್ದು ನಮ್ಮ ಯಜಮಾನ.
ಇಪ್ಪತ್ತೆರಡು ವರ್ಷದ ಮೇಲೆ ಅಂಚೆಯಲ್ಲಿ ಬಂತು.
ನಾಳೆ ಅನ್ನುವುದು ಬಂದೇ ಬರುತ್ತದೆ ನೋಡು,
ಅಂಚೆಚೀಟಿಗೆ ಕಾಸು ಕಡಿಮೆ ಹಚ್ಚಿದ್ದ, ಅದನ್ನೂ ನಾನೇ ಕಟ್ಟಿದೆ."

ಕೇಳುತ್ತಲೇ ನಾನು ನಮೂನೆಯಲ್ಲಿ ಬರೆದೆ:
ಹಿಂಬದಿ ಬರಹ. ಸಣ್ಣ ದೋಷ.
ಎಡ ಅಂಚಿನಲ್ಲಿ ಅಸ್ಪಷ್ಟ ಆಕೃತಿ.

"ಯಾವ ಆಕೃತಿ?"
ಬೆರಳು ತೋರಿಸಿದೆ.
"ಅದು ನಾನಲ್ಲವೇನೋ" ಎಂದಳು.

ಹೌದು, ಒಂದು ಮಣಿಕಟ್ಟು.
ಮಡಚಿದ ತೋಳಿನ ಗುಂಡಿ ಕಿತ್ತಿದೆ.
ಹಿಡಿಯಲ್ಲಿ ವಿನೆಗರ್ ಬಾಟಲಿ, ಬಾಗಿ,
ಒಂದು ಹನಿ ಇನ್ನೂ ಬಿದ್ದಿಲ್ಲ.
ಐವತ್ತೂ ಗೋಡೆಗಳ ಮೇಲೆ ಬಿದ್ದಿಲ್ಲ.

ಆಮೇಲೆ ಚೌಕಾಸಿ. ನಾನು ಒಂಬೈನೂರು ಅಂದೆ.
ಬಾಯ್ಲರಿನವನು ಸಾವಿರದ ಮುನ್ನೂರು ಕೇಳಿದ್ದಾನೆ ಅಂದಳು.
ಡ್ರಮ್ಮಿನವನ ಸಾವನ್ನು ಅವಳೇ ಎತ್ತಿದಳು,
ನಾನು ಹಿಂಬದಿ ಬರಹವನ್ನು ಎತ್ತಿದೆ.
ಇಬ್ಬರಿಗೂ ನಾಚಿಕೆಯಾಗಿ ಸಾವಿರದ ಇನ್ನೂರಕ್ಕೆ ನಿಂತೆವು.
ನೋಟುಗಳನ್ನು ಎರಡು ಸಲ ಎಣಿಸಿದಳು,
ಉಗುಳು ಹಚ್ಚಿ, ಅದೇ ಕೈಯಲ್ಲಿ.
ಫೋಟೋದ ಕಡೆ ಮತ್ತೆ ನೋಡಲಿಲ್ಲ.
ಬಾಗಿಲ ತನಕ ಹೋಗಿ ತಿರುಗಿ ಬಂದಳು:
"ಕಂಬಳಿ."

ಗುರುವಾರ ಲೀಡ್ಸಿನಿಂದ ಗಿರಾಕಿಯ ಫೋನು,
ದಂತವೈದ್ಯ. ಕಾಯುವ ಕೋಣೆಗೆ ಬೇಕಂತೆ.
ಹೇಳಿದ ಬೆಲೆಗೆ ಒಪ್ಪಿದ, ಒಂದೇ ಮಾತಿಗೆ.
"ಮೌಂಟು ಎಡಗಡೆ ಕೊಂಚ ಒಳಕ್ಕೆ ಬರಲಿ.
ಆ ಕೈ ಅಡ್ಡ ಬರುತ್ತದೆ."

ದುಡ್ಡು ಕೊಡುವವನ ಮಾತು.
ಹಲಗೆ ಹಾಸಿ, ಅಳತೆಪಟ್ಟಿ ಇಟ್ಟು,
ಕತ್ತಿಯನ್ನು ಓರೆಯಾಗಿ ಹಿಡಿದೆ.
ಹೊರಗೆ ಮಂಜು, ಬೀದಿ ದೀಪ ಹಗಲಲ್ಲೇ ಹತ್ತಿತ್ತು.
ನಲವತ್ತೊಂದು ಮಿಲಿಮೀಟರ್ ಎಂದು ಗುರುತು ಹಾಕಿದ್ದವನು
ಮೂವತ್ತಾರಕ್ಕೇ ಕೊಯ್ದೆ.

ಬಾಟಲಿಯ ಬಾಯಿ ಉಳಿಯಿತು.
ಹೆಬ್ಬೆರಳ ಉಗುರೂ ಉಳಿಯಿತು.
ಕೇಳಿದರೆ ಹೇಳಬಹುದು, ಮಂಜಿಗೆ ಕಾಗದ ಹಿಗ್ಗಿತ್ತು ಎಂದು.
ಬಿಲ್ಲು ಬರೆದು ಟೇಪು ಸುತ್ತಿದೆ,
ಮಧ್ಯಾಹ್ನ ಚಿಪ್ಸ್ ತರಿಸಿದೆ.
ವಿನೆಗರ್ ಹಾಕಿರಲಿಲ್ಲ.