ಬಡಗಲು

ಏಳೂ ಹತ್ತರ ಲಾಲಪರಿ. ಸೋಲಾಪುರದಿಂದ ಅಕ್ಕಲಕೋಟೆಗೆ
ಗಾಜಿಲ್ಲದ ಕಿಟಕಿಯ ಸೀಟು,
ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು.
ನಡುಗನ್ನಡದ ಲಕ್ಷಣ ಕೇಳಿದರೆ ಒಬ್ಬ
ಪುಟದ ತುಂಬ ‘ನಡುಕನ್ನಡ’ ಎಂದೇ ಬರೆದಿದ್ದಾನೆ.
ಕೆಂಪು ಪೆನ್ನು ಎತ್ತಿದೆ. ಇಳಿಸಿದೆ.
ಅಷ್ಟೂ ಕಡೆ ಸುತ್ತು ಹಾಕಲು ಮನಸ್ಸು ಬರಲಿಲ್ಲ.

ನನ್ನದು ತಾಸಿನ ಲೆಕ್ಕದ ಪಗಾರ.
ಪಾಠ ಹೇಳಿದ ತಾಸಿಗೆ ದುಡ್ಡು.
ಬಸ್ಸಿನ ತಾಸು, ಪೇಪರು ತಿದ್ದುವ ತಾಸು,
ರಾತ್ರಿ ಒಂದು ಶಬ್ದದ ಬೆನ್ನು ಹತ್ತಿ ಕೂತು
ಹಾಲು ಉಕ್ಕಿಸಿದ ತಾಸು
ನನ್ನ ಸ್ವಂತದವು. ಬಿಲ್ಲು ಇಲ್ಲ.
ಹೀಗೇ ಹದಿಮೂರು ವರ್ಷ.

‘ಯಂದಾ ಕಿತಿ?’ ಪ್ರಿನ್ಸಿಪಾಲರು ಕಾರಿಡಾರಿನಲ್ಲೇ ಕೇಳುತ್ತಾರೆ.
ಕನ್ನಡದಲ್ಲಿ ಎಣಿಸಿ ಮರಾಠಿಯಲ್ಲಿ ಹೇಳುತ್ತೇನೆ: ಸಾತ್.
ಅವರು ತಲೆಯಾಡಿಸುತ್ತಾರೆ, ಜ್ವರ ಎಷ್ಟೆಂದು ತಿಳಿದುಕೊಂಡವರ ಹಾಗೆ.

ಸ್ಟಾಫ್ ರೂಮಿನಲ್ಲಿ ಪೇಪರು ಬಿಚ್ಚಿ ಬಿದ್ದಿದೆ.
ಗಡಿ ದಾವೆಗೆ ಮತ್ತೆ ಮುಂದಿನ ತಾರೀಖು,
ಮಸಿ ಬಳಿದ ಬಸ್ಸು, ಅದರ ಪಕ್ಕ ನಗುವ ಹುಡುಗರು.
ಇತಿಹಾಸದ ಘೋಡಕೆ ಸರ್ ಮೊದಲು ನೋಡುವುದು ಒಳಪುಟ:
ಉಳ್ಳಾಗಡ್ಡಿ ಕಿಲೋಕ್ಕೆ ನಾಲ್ಕು ರೂಪಾಯಿ.
ಅವರದು ಎರಡೆಕರೆ ಇದೆ. ಚಹಾ ಆರಿಸಿಕೊಂಡು ಕುಡಿದರು.

ಮಧ್ಯಾಹ್ನ ಏಳೂ ಮಂದಿಯನ್ನು ಕರಕೊಂಡು
ಬೋರಿ ಹೊಳೆಯ ದಂಡೆಗೆ ಹೋದೆ.
ಅಲ್ಲೊಂದು ಕಲ್ಲಿದೆ. ಅಕ್ಷರ ಇರುವ ಕಲ್ಲು.
ಅಗಸರ ದುಂಡವ್ವ ಅದರ ಮೇಲೆ ಚಾದರ ಬಡಿಯುತ್ತಿದ್ದಳು.
‘ಓದೂದಾದ್ರ ಲಗೂನ ಓದ್ರಿ ಬಾಯಾರ,
ಇನ್ನ ಎಂಟ ಚಾದರ ಅದಾವ.’

ಕಲ್ಲು ಒರೆಸಿ ಒಣಗಲು ಬಿಟ್ಟೆವು.
ಶಮಶಾದ ಮುಜಾವರ ಜೋಳದ ಹಿಟ್ಟು ತಂದಿದ್ದಳು,
ಅಂಗೈಯಿಂದ ತಿಕ್ಕಿದಳು, ಮಗುವಿಗೆ ಪೌಡರು ಹಚ್ಚಿದಂತೆ.
ಮುಖ ಬಂತು.
ಯಾರೋ ಯಾರಿಗೋ ಕೊಟ್ಟ ಹನ್ನೆರಡು ಮತ್ತರು ಭೂಮಿ,
ಅದರ ಎಲ್ಲೆ:

ಮೂಡಲ್ ಪುಣಿಸೆ.
ತೆಂಕಲ್ ಪುತ್ತು.
ಪಡುವಲ್ ಪಳ್ಳ.
ಬಡಗಲ್

ಇಲ್ಲಿ ಕಲ್ಲು ಒಡೆದಿದೆ.

‘ಪುಣಿಸೀ?’ ಅಂದು ನಕ್ಕರು. ಹೇಳಿದೆ:
ಪ ತುಟಿ ಬಿಟ್ಟು ಗಂಟಲಿಗೆ ಇಳಿಯಲು
ತಲೆಮಾರುಗಳೇ ಹಿಡಿದವು, ಕೊನೆಗೆ ಬರೀ ಉಸಿರಾಯಿತು, ಹ.
ಯಾರೂ ಆದೇಶ ಹೊರಡಿಸಲಿಲ್ಲ.
ಶಮಶಾದ ಬಾಯಿಯ ಮುಂದೆ ಕೈ ಹಿಡಿದು
ಪ, ಹ, ಪ, ಹ ಎಂದು ಗಾಳಿ ಅಳೆದಳು.

‘ಬಡಗಲು ಏನಿತ್ತು? ಹೇಳ್ರಿ.’
ಬೇವು ಎಂದರು. ಬಾರಿ ಗಿಡ, ಗುಡಿ, ಬಾವಿ ಎಂದರು.
ಅಮೋಗಿ ಪೂಜಾರಿ, ಕುರಿ ಮೇಯಿಸಿ ಕ್ಲಾಸಿಗೆ ಬರುವವ,
ಎಂದೂ ಬಾಯಿ ಬಿಡದವ, ನೆಲ ನೋಡುತ್ತ ಅಂದ:
‘ಏನೂ ಇರಲಿಕ್ಕಿಲ್ರಿ. ಆ ಕಡೆ ಬರೇ ಹುಲ್ಲ.
ನಮ್ಮಜ್ಜ ಅಲ್ಲೇ ನೋಡ್ಯಾನ್ರಿ ಎರೆಭೂತ.’

ಎರೆಭೂತ. ಎರೆ ನೆಲದ ಮೇಲೆ ಎದೆಯೆತ್ತಿ ನಡೆವ ಹಕ್ಕಿ,
ಮರಾಠಿಯಲ್ಲಿ ಮಾಳಢೋಕ.
ಹೋದ ವರ್ಷ ಎಣಿಕೆಯವರು ಅಜ್ಜನನ್ನೂ ಕರೆದೊಯ್ದಿದ್ದರಂತೆ.
ಎರಡು ರಾತ್ರಿ ಅಟ್ಟದ ಮೇಲೆ ಕೂತು,
ಮೂರನೆಯ ಮುಂಜಾನೆ ಇಳಿದು ಬಂದು
ಬೀಡಿ ಹಚ್ಚಿದನಂತೆ. ಅಷ್ಟೇ.
ಮುಂದೆ ಯಾರೂ ಕೇಳಲಿಲ್ಲ.

ಪಾಠ ಗೊತ್ತಿದ್ದೆಡೆ ಅಕ್ಷರ, ಇಲ್ಲದೆಡೆ ಚುಕ್ಕಿ,
ನನ್ನ ವಿದ್ಯೆಯ ಪ್ರಾಮಾಣಿಕತೆ ಇಷ್ಟೇ.
ವಹಿಯಲ್ಲಿ ಬಡಗಲ್ ಎಂದು ಬರೆದು ಐದು ಚುಕ್ಕಿ ಇಟ್ಟೆ.
ಹುಲ್ಲಿಗೆ ಐದು ಸಾಕೇ?

ಹೊರಡುವಾಗ ತಿರುಗಿ ನೋಡಿದೆ.
ಎಲ್ಲಿಂದಲೋ ಇರುವೆ ಬಂದಿದ್ದವು ಹಿಟ್ಟಿನ ವಾಸನೆಗೆ,
ಮೂಡಲಿನಿಂದ ತೆಂಕಲು, ತೆಂಕಲಿನಿಂದ ಪಡುವಲು,
ಒಂದೊಂದು ಅಕ್ಷರದ ತಿರುವಿನಲ್ಲಿ ಇಳಿದು ಏರಿ.
ದುಂಡವ್ವ ಹಸಿ ಚಾದರ ಹೆಗಲಿಗೆ ಹಾಕಿಕೊಂಡು
ಸೀರೆಯೆಲ್ಲ ತೊಯ್ದು ನಿಂತಿದ್ದಳು, ಬಡಿಯದೆ.
‘ತಿನ್ಲಿ ತಡೀರಿ,’ ಅಂದಳು, ನನಗಲ್ಲ.

ಇರುವೆ ಒಡೆದ ಅಂಚಿಗೆ ಬಂದವು,
ತುಸು ನಿಂತು ಮೀಸೆ ಆಡಿಸಿ
ಕೆಳಗೆ ಮಣ್ಣಿಗೆ ಇಳಿದು ಹೋದವು.