ಬೆಳಿಗ್ಗೆ ಏನು ತಿಂದಿರಿ

ಮೈಕಿನ ಬಾಲದ ತಿರುಪು ಬಿಚ್ಚಿ
ಪ್ಲಸ್ಸು ಯಾವ ಕಡೆಯೆಂದು ಎರಡು ಸಲ ನೋಡಿ
ಒಂದೇ ಒಂದು ಪೆನ್ಸಿಲ್ ಸೆಲ್ಲು ಹಾಕಿದೆ.
ನಲವತ್ತೆಂಟು ವೋಲ್ಟಿನ ಊಟ ಬಡಿಸುವ
ದೊಡ್ಡ ಮನೆಯ ಕ್ಯಾಮೆರಾ ಅಲ್ಲ ಇದು,
ಶಾಲೆಯಿಂದ ಎರವಲು ತಂದದ್ದು,
ಕೊಟ್ಟರೆ ಒಂದು ಗುಟುಕು ಕೊಟ್ಟೀತು.
ಅದಕ್ಕೇ ಮೈಕು ತನ್ನ ಬುತ್ತಿ
ತಾನೇ ಕಟ್ಟಿಕೊಂಡು ಬರುತ್ತದೆ.

ಕರವಾಂಕೆ ಬೆಟ್ಟದ ಬುಡ, ಮೇ ತಿಂಗಳು.
ಲುದ್ವಿಕ್ ರೆಸ್ಮಾನ್ ಜೇನುಮನೆಯ ಮುಂದಿನ ಬೆಂಚಿನಲ್ಲಿ
ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾನೆ,
ಮದುವೆಗೆ ಹೊರಟು ಬಸ್ಸು ತಪ್ಪಿಸಿಕೊಂಡವನ ಹಾಗೆ.
ಬೆನ್ನ ಹಿಂದೆ ಬಣ್ಣದ ಹಲಗೆಗಳು:
ಒಂದರಲ್ಲಿ ನರಿ ಬೇಟೆಗಾರನ ಗಡ್ಡ ಹೆರೆಯುತ್ತಿದೆ,
ಇನ್ನೊಂದರಲ್ಲಿ ಒಂದು ಷರಾಯಿಗೆ ಇಬ್ಬರು ಹೆಂಗಸರ ಜಗ್ಗಾಟ.
ಹಲಗೆಯ ಕೆಳಗಿನ ಸೀಳಿನಲ್ಲಿ ಜೇನು ಹೋಗಿ ಬರುತ್ತಿವೆ.
ಊರಿನ ಪುಟ್ಟ ಮ್ಯೂಸಿಯಮ್ಮಿಗೆ
ಎಂಟು ನಿಮಿಷದ ಚಿತ್ರ ಬೇಕಂತೆ.

ಮೊದಲು ಆಟೋ ತೆಗೆದೆ.
ಆಟೋಗೆ ಮೌನ ಕಂಡರಾಗದು.
ಮಾತು ನಿಂತದ್ದೇ ತಡ, ಏನೋ ಕಳೆದುಹೋಯಿತೆಂದು
ಏರಿಸಿ ಏರಿಸಿ
ಆಚೆ ರಸ್ತೆಯ ಟ್ರಾಕ್ಟರನ್ನು ಎತ್ತಿ ತಂದು
ಮುದುಕನ ಮಡಿಲಲ್ಲಿ ಕೂರಿಸುತ್ತದೆ.
ಕೈಯಿಂದಲೇ ಆಗಬೇಕು, ಅಳೆದು ಸುರಿದು:
ಹಸಿರು ಪಟ್ಟಿ ಮೈನಸ್ ಹನ್ನೆರಡರ ಆಸುಪಾಸು ಆಡಬೇಕು,
ಸೊನ್ನೆ ಮುಟ್ಟಿದರೆ ಒಡೆಯುತ್ತದೆ.
ಒಡೆದ ದನಿಗೆ ಬೆಸುಗೆ ಇಲ್ಲ.

ಬೆಳಿಗ್ಗೆ ಏನು ತಿಂದಿರಿ, ಹೇಳಿ, ಅಂದೆ.
ಎಲ್ಲರಿಗೂ ಇದೇ ಪ್ರಶ್ನೆ, ಉತ್ತರ ಯಾರಿಗೂ ಬೇಡ.

ಕೆಮ್ಮಿದ. ಮೈನಸ್ ನಾಲ್ಕು. ತುಸು ಇಳಿಸಿದೆ.
ಝ್ಗಾಂತ್ಸಿ, ಮೇಲೆ ಹಂದಿಕೊಬ್ಬಿನ ಕರಿದ ಚೂರು, ಅಂದ.
ಮೈನಸ್ ಹದಿನಾರು. ಒಂದು ಗೆರೆ ಏರಿಸಿದೆ.
ಆಮೇಲೆ ದನಿ ಕುಸಿಯಿತು.
ತಮ್ಮ ಅಂದ ಹಾಗಿತ್ತು. ಇಜಿದೋರ್, ಪೇರ್ ಮರ, ಹಿಂಡು.
ಹದಿನೇಳು ವರ್ಷ ಅಂದಾಗ ಪಟ್ಟಿ ಏಳಲೇ ಇಲ್ಲ,
ಗಾಳಿಯ ಕಾಟವೆಂದು ಮೈಕಿಗೆ ತುಪ್ಪಳದ ಟೊಪ್ಪಿ ಹಾಕಿದೆ.
ಆಗ ನಕ್ಕ.
ಕೆಂಪು! ಸೊನ್ನೆ!
ಸರಕ್ಕನೆ ಇಳಿಸಿದೆ.
ಇನ್ನೇನೋ ಹೇಳುತ್ತ ತೋಳಿಂದ ಕಣ್ಣೊರೆಸಿಕೊಂಡ,
ಅದಕ್ಕೆ ಮೀಟರಿಲ್ಲ, ನಾನು ನೋಡಲಿಲ್ಲ.

ನಾಲ್ಕೂಕಾಲಿಗೆ ಗುಂಡಿ ನಿಂತಿತು. ಹೆಡ್‌ಫೋನಿನಲ್ಲಿ
ರೆಕ್ಕೆಗಳ ಗುಂಯ್ ಒಂದು ಹೆಜ್ಜೆ ಹಿಂದೆ,
ಆತನ ಉಸಿರು ಒಂದು ಹೆಜ್ಜೆ ಮುಂದೆ.
ಅಲುಗದ ಹಾಗೆ ಬಿಳಿ ಟೇಪು ಅಂಟಿಸಿ,
ಆಯಿತು, ಶುರು ಮಾಡೋಣ, ಎಂದು
ರೆಕಾರ್ಡು ಒತ್ತಿದೆ.

ಶುರುವೇ? ಹೇಳಿದ್ದಾಯಿತಲ್ಲ ನೇಝ್ಕಾ, ಅಂದ.
ಏನನ್ನ? ಅಂದೆ.
ನನ್ನ ಮುಖ ನೋಡಿದ, ಮೈಕಿನ ಟೊಪ್ಪಿ ನೋಡಿದ,
ತಪ್ಪು ಮನೆಯ ಕದ ತಟ್ಟಿದವನ ಹಾಗೆ.
ಬೆನ್ನು ನೆಟ್ಟಗೆ ಮಾಡಿದ:
ನಮ್ಮ ಬೂದು ಜೇನು ಬಲು ಸಾಧು,
ಚಳಿ ತಡೆಯುತ್ತದೆ, ಮಿತವಾಗಿ ತಿನ್ನುತ್ತದೆ...
ನಲವತ್ತು ನಿಮಿಷ, ಮೈನಸ್ ಹನ್ನೆರಡು,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಎಂಥ ಸ್ಪಷ್ಟ ದನಿ, ಅಂದರು ಮ್ಯೂಸಿಯಮ್ಮಿನವರು.

ಈಗ ರಾತ್ರಿ, ಎಡಿಟಿಂಗ್ ಮೇಜು.
ನನ್ನ ಪಾಲಿಗೆ ಉಳಿದದ್ದು ಹಸಿರು ಪಟ್ಟಿಯ ಏರಿಳಿತ ಮಾತ್ರ,
ಅದನ್ನೇ ಹಿಡಿದು ಕಟ್ಟುತ್ತೇನೆ:
ಅಣ್ಣನ ಪೆಟ್ಟಿಗೆಯಿಂದೆದ್ದ ಹಿಂಡು
ತಮ್ಮನ ಪೇರ್ ಮರಕ್ಕೆ ಜೋತುಬಿದ್ದಿರಬೇಕು.
ಯಾರದ್ದು ಎಂಬ ಒಂದು ಮಾತು
ಹದಿನೇಳು ವರ್ಷ ಬೇಲಿಯ ಮೇಲೇ ಕೂತಿರಬೇಕು.
ಹಾಗಾದರೆ ಆ ಬೆಳಿಗ್ಗೆ
ಝ್ಗಾಂತ್ಸಿ ತಿಂದದ್ದು ಯಾರ ಅಡುಗೆಮನೆಯಲ್ಲಿ?
ನಕ್ಕದ್ದು ಯಾತಕ್ಕೆ, ಅಷ್ಟು ಜೋರಾಗಿ?
ಅಲ್ಲೇ ನನ್ನ ಕೈ
ಇಳಿಸುವ ಕೆಲಸದಲ್ಲಿತ್ತು.

ನಾಳೆ ಕ್ಯಾಮೆರಾ ವಾಪಸು ಕೊಡಬೇಕು.
ಸೆಲ್ಲು ತೆಗೆದಿಟ್ಟೆ, ಒಳಗೇ ಬಿಟ್ಟರೆ ಸೋರುತ್ತದೆ.
ಟೇಪು ಕೀಳಲಿಲ್ಲ.
ಶಾಲೆಯ ನಾಟಕ ತೆಗೆಯುವವರು ಯಾರೋ
ನಾಲ್ಕೂಕಾಲು ಯಾರ ದನಿಯೆಂದು ಗೊತ್ತಿಲ್ಲದೆ
ಉಗುರಲ್ಲಿ ಕೆರೆದು ತೆಗೆಯುತ್ತಾರೆ.