ಮೂರೂಕಾಲು ಇಂಚು

ಅರಿವಳಿಕೆ ಡಾಕ್ಟರು ಕಾತ್ಯಾಯಿನಿ
ಹಳೇ ಪಿ.ಬಿ. ರಸ್ತೆಯ ನನ್ನ ಶೆಡ್ಡಿಗೆ
ಏಪ್ರಿಲ್ಲಿನ ಮಟಮಟ ಮಧ್ಯಾಹ್ನ
ತಂದು ನಿಲ್ಲಿಸಿದರು ಕೆಂಪು ಕಾರನ್ನ.
ಎರಡೇ ಬಾಗಿಲು, ಎರಡೇ ಸೀಟು,
ಎಂಜಿನ್ನು ಕೂತವರ ಬೆನ್ನ ಹಿಂದೆ,
ಕಡಬಿನ ಅಳಗಿಗೆ ಒರಗಿ ಕೂತಂಗೆ.

"ಹದಿನೈದು ಕಿಲೋಮೀಟರು ಓಡಿದರೆ ಏದುಸಿರು.
ಎಷ್ಟು ಒತ್ತಿದರೂ ಏಳೋದಿಲ್ಲ.
ನೀರು ಸರಿ, ಎಣ್ಣೆ ಸರಿ, ರೇಡಿಯೇಟರು ಹೊಸದು.
ಇದರ ಕಾಯಿಲೆ ರಕ್ತದಲ್ಲಿಲ್ಲ ಮಾಬುಸಾಬ್ರೇ,
ಗಂಟಲಲ್ಲಿ."

ಬಾಗಿ ನೋಡಿದೆ.
ಬಲ ಪಕ್ಕೆಯಲ್ಲಿ ಮೀನಿನ ಕಿವಿರಿನಂಥ ಸೀಳು.
ಬೆರಳು ತೂರಿಸಿದರೆ ಅರ್ಧ ಗೇಣಿಗೇ ಗೋಡೆ!
ಶೋಕಿಗೆ ಕೊರೆದ ಕಿಂಡಿ.
ನಿಜವಾದ ಕೊಳವೆ ಒಳಗೆಲ್ಲೋ, ಎರಡೇ ಇಂಚು,
ಸೈಲೆನ್ಸರಿನ ಕಾದ ಬುಡಕ್ಕೆ ಮೂತಿ ಇಟ್ಟು
ತಾನು ಬಿಟ್ಟ ಬಿಸಿಯನ್ನೇ ತಾನು ಕುಡಿಯುತ್ತಿತ್ತು.

"ರೋಗಿಯ ಗಂಟಲಿಗೆ ನಾವು ಕೊಳವೆ ಇಳಿಸ್ತೀವಿ,
ಅರ್ಧ ಮಿಲಿಮೀಟರು ಸಣ್ಣದಾದರೂ
ಇಡೀ ಎದೆ ಹಾಕಿ ಎಳೀಬೇಕು ಪಾಪ.
ಅಗಲ ಮಾಡಿ. ಅಂಕುಡೊಂಕು ತೆಗೀರಿ."

ತಗಡು ಸಿಕ್ಕಿದ್ದು ಮುಚ್ಚಿದ ಮಿಲ್ಲಿನ ಗುಜರಿಯಲ್ಲಿ:
ನೂಲು ಹರಿಯದಿರಲೆಂದು ತೇವದ ಗಾಳಿ ಹಾಯಿಸುತ್ತಿದ್ದ
ಹಳೇ ಗಾಳಿಕೊಳವೆಯ ಒಂದು ತುಂಡು.
ಅಪ್ಪ ಅದರಡಿ ನಿಂತಿದ್ದ ಇಪ್ಪತ್ತೆರಡು ವರ್ಷ,
ರಾತ್ರಿ ಪಾಳಿ, ಮೀಸೆ ತುಂಬ ಅರಳೆ.
ಒಳಮೈಗೆ ಇನ್ನೂ ಅಂಟಿತ್ತು ಬಿಳಿ ಜುಂಗು.
ಸೀಮೆಎಣ್ಣೆ ಹಚ್ಚಿ ಒರೆಸಿದೆ,
ಒರೆಸಿದ ಬಟ್ಟೆಯನ್ನು ಯಾಕೋ ಎಸೆಯಲಿಲ್ಲ.

ಕತ್ತರಿಸಿ, ಬಗ್ಗಿಸಿ, ರಿವಿಟ್ಟು ಹೊಡೆದು
ಮೂರೂಕಾಲು ಇಂಚಿನ ಗಂಟಲು ಕಟ್ಟಿದೆ.
ಶೋಕಿಯ ಗೋಡೆ ಒಡೆದು ಕಿವಿರಿಗೆ ಸೇರಿಸಿದೆ.
ನಮ್ಮ ಹುಡುಗ ಸಂದುಸಂದಿಗೆ ಊದುಬತ್ತಿ ಹಿಡಿದ,
ಹೊಗೆ ಎಲ್ಲೂ ತಡವರಿಸದೆ ಸೀದಾ ಒಳಕ್ಕೆ.

ಆನಗೋಡಿಗೆ ಹೋಗಿ ಬಂದೆವು.
ಬರುವಾಗ ಮತ್ತೆ ಅದೇ ಏದುಸಿರು.
ಕೊಳವೆಯೊಳಗೆ ಎಪ್ಪತ್ತೊಂದು ತೋರಿಸುತ್ತಿದ್ದದ್ದು ಅರವತ್ತಾರು.
ಐದು ಡಿಗ್ರಿಗೆ ಮೂರು ದಿನದ ಕೂಲಿ.
ಡಾಕ್ಟರು ಮಾತಾಡಲಿಲ್ಲ.
ನಾನೂ.

ಸಂಜೆ ಮಂಡಕ್ಕಿ ಭಟ್ಟಿಗೆ ಹೋದೆ.
ಅಕ್ಕ ಖೈರುನ್ಬಿ, ಮೂವತ್ತು ವರ್ಷದಿಂದ
ಕಾದ ಮರಳಿನ ಮುಂದೆ ಕೈಯಾಡಿಸಿ
ಹುಬ್ಬು ಸುಟ್ಟುಕೊಂಡ ಮುಖ.
ಕಥೆಯೆಲ್ಲ ಕೇಳಿ ಸೆರಗಲ್ಲಿ ಬೆವರೊರೆಸಿ ಅಂದಳು:
"ಒಳಗೆ ಕರೆದೆ, ಸರಿ.
ಬಂದ ನೆಂಟ ಎಲ್ಲಿಂದ ಹೋಗಬೇಕೋ ಹುಚ್ಚ?
ಮ್ಯಾಲೆ ನೋಡು."

ಮೇಲೆ, ಹೆಂಚು ಕಿತ್ತ ಮೊಳದಗಲ ಜಾಗ.
ಹೊಗೆ, ಯಾರೂ ಕಳಿಸದೆ, ತಾನೇ ಎದ್ದು ಹೋಗುತ್ತಿತ್ತು.
ಬೆಂಕಿಯ ಬಾಯಿಗೂ ಅವಳ ಕಾಲಿಗೂ ನಡುವೆ
ಮಣ್ಣು ಮೆತ್ತಿದ ಹಲಗೆ ಅಡ್ಡ.
ಹುಟ್ಟಿದಾಗಿನಿಂದ ನೋಡಿದ್ದೆ ಇದನ್ನ.

ರಾತ್ರಿಯೇ ಸೈಲೆನ್ಸರಿಗೂ ಹೊಸ ಗಂಟಲಿಗೂ ನಡುವೆ
ತಗಡಿನ ಗೋಡೆ ಎಬ್ಬಿಸಿದೆ.
ಬೆಳಿಗ್ಗೆ ಮಿಂಚುವ ಮುಚ್ಚಳಕ್ಕೆ ಗರಗಸ ಇಟ್ಟಾಗ
ಡಾಕ್ಟರು ಅತ್ತ ತಿರುಗಿ ನಿಂತರು,
ದಿನಾ ಮನುಷ್ಯರ ಮೈ ಕೊಯ್ಯುವುದ ನೋಡುವವರು.
ಎಂಟು ಸೀಳು. ಅಂಚಿಗೆ ಅರ, ಅರದ ಮೇಲೆ ಬಣ್ಣ.

ಹೆಬ್ಬಾಳ ಟೋಲಿನಾಚೆ ನಿಲ್ಲಿಸಿ ನೋಡಿದೆವು.
ಹೊರಗೆ ಮೂವತ್ತೊಂಬತ್ತು, ಒಳಗೆ ನಲವತ್ತಾರು.
ಎಂಟು ಸೀಳುಗಳ ಮೇಲೆ ಗಾಳಿ ನಡುಗುತ್ತಿತ್ತು,
ಅದರಾಚೆ ಮೆಕ್ಕೆಜೋಳದ ಲಾರಿ, ಕರೆಂಟು ಕಂಬ
ನೀರೊಳಗಿದ್ದ ಹಾಗೆ ಬಳುಕುತ್ತಿದ್ದವು.
ಎಂಜಿನ್ನು ಗುನುಗುತ್ತಲೇ ಇತ್ತು. ಡಾಕ್ಟರು
ಎರಡು ಬೆರಳು ತಂದು ಕಿವಿರಿನ ಮುಂದೆ ಹಿಡಿದರು,
ಮೂಗಿನ ಮುಂದೆ ಹಿಡಿಯುವ ಹಾಗೆ.
"ಎಳೀತಿದೆ," ಅಂದರು.

ಬಿಲ್ಲಿನಲ್ಲಿ ತಗಡು, ರಿವಿಟ್ಟು, ಐದು ದಿನದ ಕೂಲಿ.
ಭಟ್ಟಿಯ ಮಾತಿಗೆ ಎಷ್ಟು ಅಂತ ಬರೆಯಲಿ?
ಡಾಕ್ಟರೇ ಕಾರು ತಂದು ಭಟ್ಟಿಯ ಮುಂದೆ ನಿಲ್ಲಿಸಿ
ಬಾಗಿಲು ತೆರೆದು ಕರೆದರು, ಬನ್ನಿ, ಒಂದು ಸುತ್ತು.
ಖೈರುನ್ಬಿ ಬಗ್ಗಿ ನೋಡಿದಳು, ಸೀಟಿನ ಹಿಂದಕ್ಕೆ
ಕೈ ಆನಿಸಿ ಬಿಸಿ ಅಳೆದಳು, ನಕ್ಕಳು:
"ಬೆಂಕಿ ಪಕ್ಕ ಕೂರೋಕೆ
ನಂಗೆ ದಿನಗೂಲಿ ಕೊಡ್ತಾರೆ ಮೇಡಂ.
ನೀವು ಎಷ್ಟು ಕೊಡ್ತೀರಿ?"